ಎರಡು ದೇಶದ ಸ್ಟ್ಯಾಂಪ್ ಅಂಟಿಸಿಬಿಟ್ರೆ ಜಾಯಿಂಟ್ ಕವರ್ ಆಗ್ಬಿಡುತ್ತಾ?

ಮೈಯೆಲ್ಲಾ ಉರೀತಿದೆ, ಎಲ್ಲಾದ್ರೂ ಹೇಳ್ಕೊಳ್ಳದಿದ್ರೆ ಆಗಲ್ಲ. ಜಾಯಿಂಟ್ ಇಶ್ಯೂ ಫಸ್ಟ್ ಡೇ ಕವರ್, ಎರಡೂ ದೇಶದ ಕ್ಯಾನ್ಸಲೇಷನ್, ಪಕ್ಕಾ ಜೆನ್ಯೂನ್ ಅಂತ ಹಾಕಿ ಮಾರಿದ್ದ ಆ ಪುಣ್ಯಾತ್ಮ. ಜಾಯಿಂಟ್ ಇಶ್ಯೂ ಅಂದ್ರೆ ಎರಡು ದೇಶ ಒಂದೇ ವಿಷಯಕ್ಕೆ ಸೇರಿ ತರೋ ಸ್ಟ್ಯಾಂಪ್; ಫಸ್ಟ್ ಡೇ ಕವರ್, ಅಂದ್ರೆ ಎಫ್‌ಡಿಸಿ, ಸ್ಟ್ಯಾಂಪ್ ಬಿಡುಗಡೆಯಾದ ದಿನವೇ ಅಂಚೆ ಠಸ್ಸೆ (ಅದೇ ಕ್ಯಾನ್ಸಲೇಷನ್) ಬಿದ್ದ ಲಕೋಟೆ. ತುಂಬಾ ದಿನದಿಂದ ಹುಡುಕ್ತಿದ್ದ ಕವರ್ ಅದು, 1983ರ ಕಾನ್ಕಾರ್ಡ್ ಹಡಗಿಂದು. 1683ರಲ್ಲಿ ಜರ್ಮನಿಯ ಕ್ರೆಫೆಲ್ಡ್ ಕಡೆಯ 13 ಕುಟುಂಬಗಳು ಆ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ 300 ವರ್ಷ ಆಯ್ತು ಅಂತ ಅಮೆರಿಕ, ಪಶ್ಚಿಮ ಜರ್ಮನಿ ಎರಡೂ ಅದೇ ಹಡಗಿನ ಚಿತ್ರದ ಸ್ಟ್ಯಾಂಪ್ ತಂದಿದ್ವು. ಆದ್ರೆ ಒಂದೇ ದಿನ ಅಲ್ಲ, ಅಮೆರಿಕದ್ದು ಏಪ್ರಿಲ್ 29, ಜರ್ಮನಿದು ಮೇ 5. ಹಾಗಾಗಿ ಸರಿಯಾದ ಕವರ್ ಅಂದ್ರೆ ಮೊದಲು ಅಮೆರಿಕದಲ್ಲಿ ಠಸ್ಸೆ ಬಿದ್ದು, ಆಮೇಲೆ ಅದೇ ಕವರ್ ಸಮುದ್ರ ದಾಟಿ ಹೋಗಿ ಜರ್ಮನಿಲಿ ಇನ್ನೊಂದು ಠಸ್ಸೆ ಬಿದ್ದಿರ್ಬೇಕು. ಅದಕ್ಕೇ ಅಲ್ವಾ ಅದರ ಹಿಂದೆ ಬೀಳೋದು!

ಕವರ್ ಬಂತು. ಲೆನ್ಸ್ ಹಿಡಿದು ನೋಡಿದೆ. ಅಮೆರಿಕದ ಸ್ಟ್ಯಾಂಪ್ ಸರಿಯಾಗಿದೆ, ಅಲ್ಲಿನ ಜರ್ಮನ್‌ಟೌನ್ ಊರಿನ ಠಸ್ಸೆಯ ಗೆರೆ ಸ್ಟ್ಯಾಂಪ್ ಮೇಲಿಂದ ಕವರ್ ಮೇಲಕ್ಕೆ ನೀಟಾಗಿ ಇಳಿದಿದೆ. ಪಕ್ಕದ ಜರ್ಮನ್ ಸ್ಟ್ಯಾಂಪ್ ನೋಡಿದ್ರೆ ಜರ್ಮನಿಯ ಬಾನ್ ಊರಿನ ಠಸ್ಸೆಯ ವೃತ್ತ ಸ್ಟ್ಯಾಂಪಿನ ಹಲ್ಲು ಮುಟ್ಟೋ ಜಾಗಕ್ಕೆ ಟಕ್ ಅಂತ ನಿಂತೋಗಿದೆ, ಆಚೆ ಕವರ್ ಕಾಗದದ ಮೇಲೆ ಒಂದು ಚುಕ್ಕೆ ಇಂಕ್ ಇಲ್ಲ. ಒಂದು ಮೂಲೇಲಿ ಅಂಟು ಹೊರಗೆ ಬಂದು ಒಣಗಿ ಹೊಳೀತಿದೆ. ಅಂದ್ರೆ ಬೇರೆ ಯಾವುದೋ ಕವರ್‌ನಿಂದ ನೀರಲ್ಲಿ ನೆನೆಸಿ ಬಿಡಿಸಿದ ಸ್ಟ್ಯಾಂಪ್ ತಂದು ಅಮೆರಿಕದ ಮಾಮೂಲಿ ಎಫ್‌ಡಿಸಿ ಮೇಲೆ ಮೆತ್ತಿದಾನೆ, ಅಷ್ಟೇ.

ಕೇಳಿದ್ರೆ ಏನಂತಾನೆ ಗೊತ್ತಾ, "ಎರಡೂ ಸ್ಟ್ಯಾಂಪ್ ಒರಿಜಿನಲ್ ತಾನೇ ಸರ್, ಎರಡೂ ಸೀಲ್ ಒರಿಜಿನಲ್ ತಾನೇ, ಇನ್ನೇನ್ ಬೇಕು ನಿಮಗೆ?"

ಇನ್ನೇನ್ ಬೇಕಾ? ಆ ಕವರ್ ಜರ್ಮನಿ ಮುಖನೇ ನೋಡಿಲ್ವಲ್ಲಪ್ಪಾ! ಒಂದು ದೇಶದ ಅಂಚೆಯವರು ಇನ್ನೊಂದು ದೇಶದ ಸ್ಟ್ಯಾಂಪಿಗೆ ಬೆಲೆನೇ ಕೊಡಲ್ಲ, ಅಲ್ಲಿ ಅದು ಬರೀ ಚಿತ್ರ. ಅದಕ್ಕೇ ಆಯಾ ದೇಶದ ಸ್ಟ್ಯಾಂಪಿಗೆ ಆಯಾ ದೇಶದ ಠಸ್ಸೇನೇ ಬೀಳ್ಬೇಕು, ಅದನ್ನ ಮಾಡ್ಸೋಕೆ ಜನ ಒಂದು ಕವರ್‌ನ ಇನ್ನೊಂದು ದೊಡ್ಡ ಕವರ್ ಒಳಗಿಟ್ಟು, ಜೊತೆಗೆ ಪತ್ರ ಬರೆದು, ದಯವಿಟ್ಟು ಈ ಜಾಗದಲ್ಲಿ ಹೊಡೀರಿ ಅಂತ ಪೆನ್ಸಿಲ್ ಗುರುತು ಹಾಕಿ ಕಳಿಸಿ, ವಾಪಸ್ ಬರುತ್ತೋ ಇಲ್ವೋ ಅಂತ ಕಾಯ್ತಾ ಕೂತಿರ್ತಾರೆ. 1959ರ ಸೇಂಟ್ ಲಾರೆನ್ಸ್ ಸೀವೇ (ಕೆನಡಾ ಅಮೆರಿಕ ಸೇರಿ ಮಾಡಿದ ಹಡಗು ದಾರಿ) ಕವರ್ ತಗೊಳ್ಳಿ, ಕೆನಡಾ ಅಮೆರಿಕ ಎರಡೂ ಒಂದೇ ಡಿಸೈನು, ಒಂದೇ ದಿನ, ಜೂನ್ 26, ಒಂದೇ ಕವರ್ ಮೇಲೆ ಕೆನಡಾದ ಒಟ್ಟಾವಾ ಠಸ್ಸೆನೂ ಅಮೆರಿಕದ ಮಸೀನಾ ಠಸ್ಸೆನೂ ಬಿದ್ದಿದೆ ಅಂದ್ರೆ ಅದರ ಹಿಂದೆ ಯಾರೋ ಪಟ್ಟ ಪಾಡು ಎಷ್ಟಿರುತ್ತೆ! ಇವನು ಮನೇಲಿ ಕೂತು ಗೋಂದು ಹಚ್ಚಿ ಅಷ್ಟೇ ರೇಟ್ ಕೇಳ್ತಾನೆ.

ಇವನೊಬ್ಬನೇ ಆಗಿದ್ರೆ ಬಿಡು ಅನ್ಬೋದಿತ್ತು. 1975ರಲ್ಲಿ ಅಮೆರಿಕ, ಸೋವಿಯತ್ ಗಗನನೌಕೆಗಳು ಬಾಹ್ಯಾಕಾಶದಲ್ಲಿ ಜೋಡಿಯಾದ ಅಪೋಲೋ ಸೋಯುಜ್ ಯಾನದ ಕವರ್‌ಗಳ ಕಥೆ ಇನ್ನೂ ದರಿದ್ರ, ಜುಲೈ 15ರ ಅಮೆರಿಕದ ಕವರ್ ಮೇಲೆ ಸೋವಿಯತ್ ಸ್ಟ್ಯಾಂಪ್ ಸುಮ್ನೆ ಅಂಟಿಸಿರ್ತಾರೆ, ಅದರ ಮೇಲೆ ಠಸ್ಸೆನೇ ಇರಲ್ಲ, ಆದ್ರೂ ಡಬಲ್ ಕಂಟ್ರಿ ಎಫ್‌ಡಿಸಿ ಅಂತ ಹೆಸರು. ಫೋಟೋನೂ ಹಾಗೇ ತೆಗೀತಾರೆ, ಇಡೀ ಕವರ್ ದೂರದಿಂದ ಕಾಣೋ ಹಾಗೆ, ಅದೂ ಪ್ಲಾಸ್ಟಿಕ್ ಒಳಗೇ ಇಟ್ಟು ಲೈಟ್ ಬೀಳಿಸಿ. ಠಸ್ಸೆ ಹತ್ತಿರದ ಫೋಟೋ ಕಳಿಸಿ, ಹಿಂಭಾಗದ್ದೂ ಕಳಿಸಿ ಅಂದ್ರೆ ಉತ್ತರನೇ ಇಲ್ಲ, ಇಲ್ಲಾಂದ್ರೆ ನಂಬಿಕೆ ಇಲ್ದಿದ್ರೆ ತಗೋಬೇಡಿ ಅನ್ನೋ ದೌಲತ್ತು.

ಇನ್ನು ನಮ್ಮೋರೇ ಕೆಲವರು, ವರ್ಷಗಟ್ಟಲೆ ಕಲೆಕ್ಟ್ ಮಾಡಿದೋರು, ಅವರೂ ಸಮಾಧಾನ ಹೇಳೋಕೆ ಬರ್ತಾರೆ, ಆಲ್ಬಮ್‌ನಲ್ಲಿ ಇಟ್ರೆ ಚೆನ್ನಾಗೇ ಕಾಣುತ್ತೆ ಬಿಡಿ ಅಂತ. ಚೆನ್ನಾಗಿ ಕಾಣ್ಲಿ ಅಂತ ಯಾರ್ರೀ ಎಫ್‌ಡಿಸಿ ಕಲೆಕ್ಟ್ ಮಾಡ್ತಾರೆ? ಆ ದಿನ ಆ ಊರಲ್ಲಿ ಆ ಕವರ್ ಇತ್ತು ಅನ್ನೋದಕ್ಕೆ ಠಸ್ಸೆ ಸಾಕ್ಷಿ, ಅದಕ್ಕೆ ತಾನೇ ಅಷ್ಟು ದುಡ್ಡು ಕೊಡೋದು. ಮ್ಯಾಚಿಂಗ್ ಸ್ಟ್ಯಾಂಪ್ ಆಮೇಲೆ ಅಂಟಿಸಿದ್ದು ಅಂತ ನೇರವಾಗಿ ಬರೆದು ಕಡಿಮೆ ರೇಟಿಗೆ ಮಾರ್ಲಿ, ನನ್ನ ತಕರಾರಿಲ್ಲ, ಬೇಕಾದೋರು ತಗೋತಾರೆ.

ಈಗ ದುಡ್ಡು ವಾಪಸ್ ಕೊಡ್ತೀನಿ ಕವರ್ ಕಳಿಸಿ ಅಂತಿದಾನೆ. ಕಳಿಸಿದ್ರೆ ನಾಳೆ ಅದನ್ನೇ ಇನ್ನೊಬ್ಬರ ತಲೆಗೆ ಕಟ್ತಾನೆ, ಗ್ಯಾರಂಟಿ. ಮೊದಲು ಆ ಜೆನ್ಯೂನ್ ಅನ್ನೋ ಮಾತು ತೆಗೆದು ಜರ್ಮನ್ ಸ್ಟ್ಯಾಂಪ್ ಆಮೇಲೆ ಸೇರಿಸಿದ್ದು ಅಂತ ಬರಿ, ಆಮೇಲೆ ಕಳಿಸ್ತೀನಿ ಅಂದಿದೀನಿ, ಮೆಸೇಜ್ ನೋಡಿ ಸುಮ್ನಾಗಿದಾನೆ.