ಬಣ್ಣದ ಅಳತೆಪಟ್ಟಿ ಸ್ಥಿರವಾಗಿರಬೇಕು

ಪಾಲಿಹೌಸಿನ (ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೆಳೆಮನೆಯ) ಸೆನ್ಸರ್‌ಗಳು ಕಳಿಸುವ ಅಂಕಿಗಳನ್ನು ಹೀಟ್ ಮ್ಯಾಪ್ (ಅಂಕಿಗಳನ್ನು ಬಣ್ಣಗಳಲ್ಲಿ ತೋರಿಸುವ ನಕ್ಷೆ) ಮಾಡಿ ನೋಡಿದರೆ ಬಿಸಿ ಎಲ್ಲಿ ಹೆಚ್ಚಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ ಎಂದು ಈ ವಿಷಯದ ಲೇಖನವೊಂದರಲ್ಲಿ ಓದಿದೆ; ಲೇಖಕರ ಆ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಹಿರಿಯೂರಿನ ಬಳಿ ದೊಣ್ಣೆ ಮೆಣಸಿನಕಾಯಿ ಬೆಳೆಯುವ ನನ್ನನ್ನು ಮೊದಲು ದಾರಿ ತಪ್ಪಿಸಿದ್ದು ಬಣ್ಣದ ಅಳತೆಪಟ್ಟಿಯೇ, ಅಂದರೆ ಎಷ್ಟು ಡಿಗ್ರಿಗೆ ಯಾವ ಬಣ್ಣ ಎಂಬ ಹೊಂದಿಕೆ. ನಮ್ಮ ಆ್ಯಪ್ ಆಯಾ ದಿನದ ಕನಿಷ್ಠ, ಗರಿಷ್ಠಗಳಿಗೆ ತಕ್ಕಂತೆ ಬಣ್ಣವನ್ನು ತಾನೇ ಹೊಂದಿಸಿಕೊಳ್ಳುತ್ತಿದ್ದುದರಿಂದ, ಡಿಸೆಂಬರಿನ 27 ಡಿಗ್ರಿಯೂ ಏಪ್ರಿಲ್ಲಿನ 39 ಡಿಗ್ರಿಯೂ ಒಂದೇ ಕಡುಗೆಂಪಾಗಿ ಕಂಡು, ಅಗತ್ಯವಿಲ್ಲದ ದಿನಗಳಲ್ಲೂ ನೆರಳುಪರದೆ ಎಳೆದಿದ್ದೇವೆ. ಪಟ್ಟಿಯನ್ನು 15ರಿಂದ 45 ಡಿಗ್ರಿಗೆ ನಿಲ್ಲಿಸಿದ ಮೇಲಷ್ಟೇ ಒಂದು ದಿನವನ್ನು ಇನ್ನೊಂದರೊಡನೆ ಹೋಲಿಸಲು ಸಾಧ್ಯವಾಯಿತು.

ಎರಡು ಸೆನ್ಸರ್‌ಗಳ ನಡುವೆ ಕಾಣುವ ಬಣ್ಣ ಅಳೆದದ್ದಲ್ಲ, ಲೆಕ್ಕ ಹಾಕಿ ತುಂಬಿದ್ದು ಎಂಬುದನ್ನೂ ಲೇಖನದಲ್ಲಿ ಒತ್ತಿ ಹೇಳಬೇಕಿತ್ತು. ಒಳಬರುವ ಗಾಳಿಯನ್ನು ತಂಪಾಗಿಸುವ ಒದ್ದೆ ಕೂಲಿಂಗ್ ಪ್ಯಾಡ್ ಕಡೆ ತಂಪು, ಗಾಳಿಯನ್ನು ಹೊರಗೆಳೆಯುವ ಫ್ಯಾನ್ ಕಡೆ ಬಿಸಿ ಇರುವುದು ಸಹಜ. ನಡುವೆಲ್ಲೋ ಹಾಳೆ ಹರಿದು ಬಿಸಿಗಾಳಿ ನುಗ್ಗುತ್ತಿದ್ದರೆ, ಅಲ್ಲಿ ಸೆನ್ಸರ್ ಇಲ್ಲದಿದ್ದಾಗ ನಕ್ಷೆ ಅದನ್ನು ತೋರಿಸದು. ನೇರ ಬಿಸಿಲಿಗೆ ಸಿಕ್ಕ ಸೆನ್ಸರ್ ಕೂಡ ಇಲ್ಲದ ಕೆಂಪು ಚುಕ್ಕೆಯನ್ನು ಮೂಡಿಸುತ್ತದೆ. ಅದಕ್ಕೆ ಗಾಳಿಯಾಡುವ ಬಿಳಿ ಕವಚ ಬೇಕು.

ನನಗೆ ಹೆಚ್ಚು ನೆರವಾದದ್ದು ಜಾಗದ ನಕ್ಷೆಗಿಂತ, ಅಡ್ಡಕ್ಕೆ ದಿನಾಂಕ, ಮೇಲಿಂದ ಕೆಳಕ್ಕೆ 24 ಗಂಟೆಗಳಿರುವ ಚೌಕಳಿ. ಅದರಲ್ಲಿ ನಸುಕಿನ 3ರಿಂದ 7ರವರೆಗಿನ ಆರ್ದ್ರತೆ ದಿನವೂ ಕಡುನೀಲಿ (ಹೆಚ್ಚು ತೇವದ) ಪಟ್ಟಿಯಾಗಿ ನಿಂತದ್ದನ್ನು ಕಂಡ ಮೇಲೆ, ಎಲೆಗಳ ಮೇಲೆ ನೀರು ನಿಲ್ಲದಂತೆ ಪಕ್ಕದ ಪರದೆಗಳನ್ನು ಬೇಗನೆ ಎತ್ತಲು ಆರಂಭಿಸಿದೆವು.