ಇವತ್ತು ಇದ್ದೇನೆಯೇನಪ್ಪಾ?

"ಮೇಡಂ, ನಮ್ಮ ಮೇಷ್ಟ್ರು ಕಂಪ್ಯೂಟರಿನಲ್ಲಿ ಇಲ್ಲ" ಎಂದು ಗುಮಾಸ್ತರ ಫೋನ್ ಬಂದಾಗ ನನ್ನ ಮೊದಲ ದೋಸೆ ಹೆಂಚಿನ ಮೇಲಿತ್ತು. ಮೊದಲ ದೋಸೆ ಏಳುವುದಿಲ್ಲ ಎಂಬುದು ಲೋಕಕ್ಕೇ ಗೊತ್ತು. ಆ ವಾರ ನನ್ನ ಯಾವ ದೋಸೆಯೂ ಏಳಲಿಲ್ಲ.

ಗುಮಾಸ್ತರು ಒಂದು ಪತ್ತಿನ ಸಹಕಾರ ಸಂಘದವರು. ಅವರ ಲೆಕ್ಕಪತ್ರದ ತಂತ್ರಾಂಶವನ್ನು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಮೇಷ್ಟ್ರು ನಿವೃತ್ತ ಮುಖ್ಯೋಪಾಧ್ಯಾಯರು, ಸಂಘದ ಮೊಟ್ಟಮೊದಲ ಷೇರುದಾರರು. ಸದಸ್ಯ ಸಂಖ್ಯೆ 1-1, ಅಂದರೆ ಒಂದನೇ ಲೆಡ್ಜರಿನ ಒಂದನೇ ಪುಟ. ಈ ಸಂಖ್ಯೆಯನ್ನು ಅವರು ತಾಮ್ರಪತ್ರದಂತೆ ಊರಿಗೆಲ್ಲ ತೋರಿಸಿಕೊಂಡು ಬಂದವರು. ಅಂಥವರು ಲಾಭಾಂಶ ಕೇಳಲು ಬಂದರೆ ಪರದೆ ತಣ್ಣಗೆ "ದಾಖಲೆ ಇಲ್ಲ" ಎಂದಿತ್ತು.

"ಎದುರಿಗೇ ಕುಳಿತಿದ್ದಾರೆ ಮೇಡಂ, ಕೊಡೆಯನ್ನೂ ತಂದಿದ್ದಾರೆ" ಎಂದರು ಗುಮಾಸ್ತರು. ಕೊಡೆ ಏಕೆ ಸಾಕ್ಷಿಗೆ ಬಂತೋ ತಿಳಿಯಲಿಲ್ಲ.

ನಮ್ಮ ಕಸುಬಿನ ಮೊದಲ ನಿಯಮ ಮನುಷ್ಯರನ್ನು ಅನುಮಾನಿಸುವುದು. ಸಂಖ್ಯೆಯ ಹಿಂದೆ ಮುಂದೆ ಖಾಲಿ ಜಾಗ ಬಿಟ್ಟಿದ್ದೀರಾ, ಕನ್ನಡ ಅಂಕಿ ಒತ್ತಿದ್ದೀರಾ ಎಂದು ಕೇಳಿದೆ. ಅವರು "ಒಂದು... ಅಡ್ಡಗೆರೆ... ಒಂದು" ಎಂದು ಲಾಟರಿ ಫಲಿತಾಂಶ ಓದುವವರಂತೆ ಓದಿ ಓದಿ ಒತ್ತಿದರು. ಇಲ್ಲ. ಕೊನೆಗೆ ನಾನೇ ಲ್ಯಾಪ್‌ಟಾಪ್ ತೆರೆದು ಎಲ್ಲ ಸದಸ್ಯರ ಪಟ್ಟಿ ತೆಗೆಸಿದೆ. ಮೇಷ್ಟ್ರು ಅದರಲ್ಲಿ ಧಾರಾಳವಾಗಿ ಇದ್ದರು. ಸಂಖ್ಯೆ ಹಿಡಿದು ಕರೆದೆ. ಇಲ್ಲ. ಮತ್ತೆ ಪಟ್ಟಿ: ಇದ್ದಾರೆ. ಮತ್ತೆ ಸಂಖ್ಯೆ: ಇಲ್ಲ. ಬೆಂಚಿನ ಮೇಲೆ ಕುಳಿತೇ ಇರುವ ಹುಡುಗ, ಹಾಜರಿ ಕೂಗಿದಾಗ ಮಾತ್ರ ಗೈರು. ಮೂವತ್ತೈದು ವರ್ಷ ಹಾಜರಿ ಕೂಗಿದವರಿಗೇ ಈ ಗತಿ.

ಮಿಕ್ಸಿ ಕೆಡುವಾಗ ಸುಟ್ಟ ವಾಸನೆಯನ್ನಾದರೂ ಕೊಡುತ್ತದೆ, ಸ್ಕೂಟರ್ ನಾಲ್ಕು ಸಲ ಕೆಮ್ಮುತ್ತದೆ. ಇದು ಹಾಗಲ್ಲ. ದೋಷವಿದೆ ಎಂದು ಒಂದು ಸಾಲು ಬರೆದಿದ್ದರೆ ನಾನು ಅದಕ್ಕೆ ಕೈಮುಗಿಯುತ್ತಿದ್ದೆ. "ಹುಡುಕಿದೆ, ಸಿಗಲಿಲ್ಲ" ಎಂದಿದ್ದರೂ ಸಾಕಿತ್ತು. "ಇಲ್ಲ" ಎನ್ನುವ ಅಧಿಕಾರ ಇದಕ್ಕೆ ಯಾರು ಕೊಟ್ಟರು?

ಮಂಗಳವಾರ ಹತ್ತೂವರೆಗೆ ಸರಿಯಾಗಿ ಮೇಷ್ಟ್ರು ಮತ್ತೆ ಬಂದು, ಕೊಡೆಯನ್ನು ಕೌಂಟರಿಗೆ ಒರಗಿಸಿ, "ಇವತ್ತು ಇದ್ದೇನೆಯೇನಪ್ಪಾ?" ಎಂದು ಕೇಳಿದರಂತೆ. ಇಲ್ಲ ಎಂದು ಹೇಳಲು ಗುಮಾಸ್ತರಿಗೆ ಬಾಯಿ ಬಾರದೆ ಫೋನನ್ನು ನನ್ನ ಕಿವಿಗೆ ತಗುಲಿಸಿದರು. ಬುಧವಾರ ಆಧಾರ್ ಕಾರ್ಡ್ ತಂದರು. ಗುರುವಾರ ಎಸ್ಎಸ್ಎಲ್‌ಸಿ ಅಂಕಪಟ್ಟಿ ತಂದರು. ಅದರಲ್ಲಿ ಗಣಿತಕ್ಕೆ ಎಷ್ಟು ಬಂದಿತ್ತೆಂಬುದನ್ನು ಗುಮಾಸ್ತರು ಕೇಳದೆಯೇ ನನಗೆ ತಿಳಿಸಿದರು, ನಾನು ಇಲ್ಲಿ ಬರೆಯುವುದಿಲ್ಲ. ಶುಕ್ರವಾರ ಪತ್ನಿಯನ್ನೇ ಕರೆತಂದರು. ಆ ತಾಯಿ ಫೋನ್ ತೆಗೆದುಕೊಂಡು, "ನಲವತ್ತೆಂಟು ವರ್ಷದಿಂದ ನೋಡುತ್ತಿದ್ದೇನಮ್ಮ, ಇದ್ದಾರೆ. ಮನೆಯಲ್ಲಿ ಇದ್ದೂ ಇಲ್ಲದ ಹಾಗೆಯೇ, ಅದು ಬೇರೆ ವಿಷಯ" ಎಂದರು. ಹಿಂದಿನಿಂದ ಕೊಡೆ ನೆಲಕ್ಕೆ ಕುಟ್ಟಿದ ಸದ್ದು ಕೇಳಿಸಿತು.

ಆ ರಾತ್ರಿ ನನಗೆ ಹಟ ಬಂತು. ಬೇಗ ಹುಡುಕಲೆಂದು ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸಿಟ್ಟ ಸೂಚಿ, ಅಂದರೆ ಇಂಡೆಕ್ಸನ್ನು ಮುಟ್ಟದೆ ನೇರವಾಗಿ ಕಡತದಲ್ಲೇ ಹುಡುಕು ಎಂದು ಡೇಟಾಬೇಸಿಗೆ ಆಜ್ಞೆ ಕೊಟ್ಟೆ. ಮೇಷ್ಟ್ರು ಪ್ರತ್ಯಕ್ಷ! ಕಳ್ಳ ಸಿಕ್ಕಿದ. ಅಮ್‌ಚೆಕ್ ಎಂಬ ತಪಾಸಣೆಯನ್ನು ಓಡಿಸಿದರೆ, ಇಂಡೆಕ್ಸಿನಲ್ಲಿ ನಮೂದುಗಳ ಕ್ರಮವೇ ತಪ್ಪಿದೆ ಎಂಬ ವರದಿ ಬಂತು.

ಇದನ್ನು ಗುಮಾಸ್ತರಿಗೆ ವಿವರಿಸಿದ್ದು ಹೀಗೆ. ಗೋಡೆಗೆ ತೂಗುಹಾಕುವ ವರ್ಣಮಾಲೆಯ ಪಟಗಳಲ್ಲಿ ಕ್ಷ, ಜ್ಞ ಎರಡೂ ಕೊನೆಯಲ್ಲಿ ಇರುತ್ತವಲ್ಲ? ನಿಘಂಟಿನಲ್ಲಿ ಮಾತ್ರ ಕ್ಷ ಇರುವುದು ಕಕಾರದ ಕೆಳಗೆ. ಪಟ ನೋಡಿ ಕಲಿತ ಹುಡುಗ ನಿಘಂಟಿನ ಕೊನೆಯ ಪುಟಗಳನ್ನು ತಿರುವಿ, ಪುಸ್ತಕ ಮುಚ್ಚಿ, ಕನ್ನಡದಲ್ಲಿ ಕ್ಷಮೆ ಎಂಬುದೇ ಇಲ್ಲ ಎಂದು ಸಾರುತ್ತಾನೆ. ನಮ್ಮ ಡೇಟಾಬೇಸ್ ಆ ಹುಡುಗ.

ಅಕ್ಷರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬುದನ್ನು ನಮ್ಮ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್ ತಾನೇ ತೀರ್ಮಾನಿಸುವುದಿಲ್ಲ. ಸಾಮಾನ್ಯವಾಗಿ ಸರ್ವರನ್ನು ನಡೆಸುವ ಲಿನಕ್ಸಿನ ಜಿಲಿಬ್‌ಸಿ ಎಂಬ ಸಿದ್ಧ ಕೋಡಿನ ಗ್ರಂಥಾಲಯವನ್ನು ಕೇಳುತ್ತದೆ. 2018ರ ಆಗಸ್ಟಿನಲ್ಲಿ ಬಂದ ಜಿಲಿಬ್‌ಸಿ 2.28 ಈ ಕ್ರಮವನ್ನು ದೊಡ್ಡ ಮಟ್ಟದಲ್ಲಿ ಬದಲಿಸಿತು. ಹಳೆಯ ನಿಯಮದಲ್ಲಿ ಅಡ್ಡಗೆರೆಗೆ ಅಷ್ಟಾಗಿ ಬೆಲೆಯಿರಲಿಲ್ಲ, 11 ಮೊದಲು, 1-1 ಆಮೇಲೆ. ಹೊಸ ನಿಯಮದಲ್ಲಿ 1-1 ಮೊದಲು. ನಮ್ಮ ಇಂಡೆಕ್ಸ್ ಕಟ್ಟಿದ್ದು ಹಳೆಯ ನಿಯಮದಲ್ಲಿ, ಹುಡುಕುತ್ತಿದ್ದದ್ದು ಹೊಸ ನಿಯಮದಲ್ಲಿ. ಯಾರೂ ಮುಟ್ಟದೆ ನೆಮ್ಮದಿಯಾಗಿದ್ದ ಆ ಸರ್ವರನ್ನು ಡೆಬಿಯನ್ ಎಂಬ ಲಿನಕ್ಸಿನ 9ನೇ ಆವೃತ್ತಿಯಿಂದ 10ಕ್ಕೆ ಏರಿಸಿದ ಪುಣ್ಯಾತ್ಮರು ಯಾರು ಎಂದು ಗುಮಾಸ್ತರು ಕೇಳಿದರು. ಹಿಂದಿನ ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ನಾನೇ. ಏರಿಸಿದ ಮೇಲೆ ಇಂಡೆಕ್ಸುಗಳನ್ನು ಹೊಸದಾಗಿ ಕಟ್ಟಬೇಕಿತ್ತು. ನಿದ್ದೆ ಬಂದಿತ್ತು. 2022ರ ಪೋಸ್ಟ್‌ಗ್ರೆಸ್ 15 ಆಗಿದ್ದರೆ ಸಂಪರ್ಕಿಸುವಾಗಲೇ ಕ್ರಮ ಬದಲಾಗಿದೆ ಎಂದು ಗದರುತ್ತಿತ್ತು. ನಮ್ಮದು 12.

ಇಂಡೆಕ್ಸ್ ಮತ್ತೆ ಕಟ್ಟುವ ಮುನ್ನ ಇಡೀ ಡೇಟಾಬೇಸಿನ ಪ್ರತಿ ತೆಗೆಯಲು ಹಚ್ಚಿ, ಕಾಯುತ್ತ ಮೊಬೈಲ್ ಹಿಡಿದು ಕುಳಿತೆ. ಪ್ಲಂಬರ್ ಸಂಖ್ಯೆ ಬೇಕಿತ್ತು, "ಪ್ಲ" ಎಂದು ಒತ್ತುವಲ್ಲಿ ಬೆರಳು ಜಾರಿ "ಅ" ಒತ್ತಿದೆ. ಮೊದಲ ಹೆಸರು "ಅಪ್ಪ" ಎಂದು ಬಂತು. ಅಪ್ಪ ಹೋಗಿ ಆರು ವರ್ಷವಾಯಿತು. ಪ್ರತಿ ನವೆಂಬರಿನಲ್ಲಿ ಪಿಂಚಣಿಗಾಗಿ ಬ್ಯಾಂಕಿಗೆ ಹೋಗಿ, ತಾನು ಬದುಕಿದ್ದೇನೆ ಎಂಬ ಪ್ರಮಾಣಪತ್ರ ಕೊಟ್ಟು, ಬರುವಾಗ ಖಾರದ ಕಡಲೆಬೀಜ ತರುತ್ತಿದ್ದರು. ಆ ಸಂಖ್ಯೆಯನ್ನು ನಾನು ಅಳಿಸಿಲ್ಲ. ಪ್ಲಂಬರ್ ನೆನಪು ಹೋಯಿತು, ನಲ್ಲಿ ಇನ್ನೂ ಸೋರುತ್ತಿದೆ.

ಹನ್ನೆರಡೂವರೆಗೆ ಮರುಕಟ್ಟುವ ಆಜ್ಞೆ ಕೊಟ್ಟೆ. ಆಗಲ್ಲವೆಂದಿತು. 1-1 ಎರಡು ಸಲ ಇದೆಯಂತೆ!

ಬೆಳಿಗ್ಗೆ ವಿಚಾರಿಸಿದಾಗ ಗುಮಾಸ್ತರು ಬಹಳ ಹೊತ್ತು ಕೆಮ್ಮಿದರು. ಅಂಕಪಟ್ಟಿ ತಂದ ಗುರುವಾರ ಅವರಿಗೆ ಕರುಳು ಚುರುಕ್ ಎಂದು, ಮೇಷ್ಟ್ರನ್ನು ಅದೇ ಸಂಖ್ಯೆಯಲ್ಲಿ ಹೊಸ ಸದಸ್ಯರಾಗಿ ಸೇರಿಸಿಬಿಟ್ಟಿದ್ದರು. ಒಂದು ಸಂಖ್ಯೆ ಇಬ್ಬರಿಗೆ ಹೋಗದಂತೆ ಕಾಯುವ ಕಾವಲುಗಾರನೂ ಅದೇ ಇಂಡೆಕ್ಸ್. 1-1 ಎಂಬವರು ಇಲ್ಲವೇ ಇಲ್ಲ ಎಂದು ನಂಬಿದ್ದ ಆತ ಎರಡನೆಯವರನ್ನು ಒಳಕ್ಕೆ ಬಿಟ್ಟ. ಆದರೆ ಈ ಎರಡನೆಯವರೂ ಶುಕ್ರವಾರ ಪರದೆಗೆ ಬರಲಿಲ್ಲವೇ ಎಂದರೆ, ಗುಮಾಸ್ತರು ಹೆದರಿ ಆಮೇಲೆ ಹುಡುಕಿಯೇ ಇರಲಿಲ್ಲ.

"ಮೇಷ್ಟ್ರು ಬಂದಿದ್ದಾರೆಯೇ?" ಎಂದು ಕೇಳಿದೆ.

"ಬಂದಿದ್ದಾರೆ ಮೇಡಂ. ಇದ್ದಾರೆಯೇ ಎಂದು ಕೇಳುತ್ತಿದ್ದಾರೆ."

"ಇದ್ದಾರೆ ಎಂದು ಹೇಳಿ. ಆದರೆ ಇಬ್ಬರಿದ್ದಾರೆ. ಸಂಜೆಯೊಳಗೆ ಒಬ್ಬರನ್ನು ತೆಗೆದುಹಾಕುತ್ತೇನೆ."

ಆ ಕಡೆ ಪಿಸುಮಾತು ನಡೆಯಿತು. ಕೊಡೆಯ ಸದ್ದು ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಮೇಷ್ಟ್ರೇ ಫೋನಿಗೆ ಬಂದು, ಯಾರಿಗೂ ಕೇಳಿಸದಂತೆ ದನಿ ತಗ್ಗಿಸಿದರು.

"ತೆಗೆಯುವುದಿದ್ದರೆ ಹಳೆಯವನನ್ನೇ ತೆಗೆಯಮ್ಮ. ಅವನ ಹೆಸರಿನಲ್ಲಿ ಒಂದು ಸಾಲ ಬಾಕಿ ಇದೆ."