ಕಾಯಿಲ್ ಆಮೇಲೆ, ಮೊದಲು ಹತ್ತಿ ಹಾಕೋದು ಕಲೀರಿ

2025ರ ಜೂನ್ 1ಕ್ಕೆ ಬ್ರಿಟನ್ನಿನಲ್ಲಿ ಡಿಸ್ಪೋಸಬಲ್ ವೇಪ್, ಅಂದ್ರೆ ಬಳಸಿ ಎಸೆಯೋ ಇ-ಸಿಗರೇಟು, ಮಾರೋದು ನಿಂತಿತಲ್ಲ, ಅವತ್ತಿಂದ ನನ್ನ ಇನ್‌ಬಾಕ್ಸಿಗೆ ಒಂದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕ್ಕೊಂಡು ಬರ್ತಿದೆ. "ಅಣ್ಣಾ, ನೀವು ತಂತಿ ಸುತ್ತಿ ಹತ್ತಿ ತುರುಕೋ ಟ್ಯಾಂಕ್ ಇಟ್ಕೊಂಡಿದೀರಲ್ಲ, ಅದು ನಮಗೂ ಆಗಿಬರುತ್ತಾ?" ಕೇಳೋರೆಲ್ಲ ಇಲ್ಲಿನ ನಮ್ಮ ಕನ್ನಡದ ಹುಡುಗರೇ. ಸಂಘದ ದೀಪಾವಳಿ ಕಾರ್ಯಕ್ರಮದಲ್ಲಿ ಹಾಲ್ ಒಳಗೆ ಭಾಷಣ ಶುರುವಾದ ತಕ್ಷಣ ಕಾರ್ ಪಾರ್ಕಿಗೆ ಬಂದು ನಿಲ್ತಾರಲ್ಲ, ಆ ಗುಂಪು. ಒಬ್ಬೊಬ್ಬರಿಗೇ ಉತ್ತರ ಟೈಪ್ ಮಾಡಿ ಸಾಕಾಯ್ತು. ಇಲ್ಲೇ ಒಟ್ಟಿಗೆ ಬರೀತೀನಿ, ಉದ್ದ ಆಗುತ್ತೆ, ಟೀ ತಗೊಂಡು ಕೂತ್ಕೊಳ್ಳಿ.

ಮೊದಲೇ ಹೇಳಿಬಿಡ್ತೀನಿ, ಸಿಗರೇಟು ಸೇದೋರಿಗೆ ಮತ್ತು ಸಿಗರೇಟು ಬಿಟ್ಟು ಈಗಾಗಲೇ ವೇಪ್ ಹಿಡಿದಿರೋ ದೊಡ್ಡವರಿಗೆ ಮಾತ್ರ ಇದು. ಎರಡೂ ಇಲ್ಲದವರು ಇದರ ತಂಟೆಗೇ ಬರಬೇಡಿ. ಇಲ್ಲಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರ ವರದಿಯಲ್ಲಿ ವೇಪಿಂಗಿನ ದೀರ್ಘಕಾಲದ ಹಾನಿ ಸಿಗರೇಟಿನ ಹಾನಿಯ ಶೇ 5ನ್ನು ಮೀರುವ ಸಂಭವ ಕಡಿಮೆ ಅಂತ ಹೇಳಿತ್ತು. ಸಿಗರೇಟಿಗೆ ಹೋಲಿಸಿ ಹೇಳಿದ ಮಾತು ಅದು. ಬೆಟ್ಟದ ಗಾಳಿ ಕುಡಿಯೋನಿಗೆ ಆ ಲೆಕ್ಕ ಅನ್ವಯಿಸಲ್ಲ.

ಈಗ ವಿಷಯಕ್ಕೆ ಬರೋಣ. ಜ್ಯೂಸ್ ಅಂದ್ರೆ ವೇಪ್‌ಗೆ ಹಾಕೋ ದ್ರವ, ಅದನ್ನ ಕಾಯಿಸಿ ಆವಿ ಮಾಡೋ ತಂತಿಸುರುಳಿ ಕಾಯಿಲ್, ಜ್ಯೂಸ್ ತುಂಬೋ ಡಬ್ಬಿ ಟ್ಯಾಂಕ್. ಮಾಮೂಲಿ ಟ್ಯಾಂಕಿನಲ್ಲಿ ಕಾಯಿಲ್ ರೆಡಿಮೇಡ್. ಒಂದು ಲೋಹದ ಕೊಳವೆ, ಅದರೊಳಗೆ ತಂತಿ, ಹತ್ತಿ ಎಲ್ಲ ಮುಚ್ಚಿಟ್ಟಿರ್ತಾರೆ. ಸುಟ್ಟ ರುಚಿ ಬಂತೋ, ಕೊಳವೆ ಸಮೇತ ಎಸೆದು ಇನ್ನೊಂದು ಹಾಕ್ಬೇಕು. ನನ್ನ ಹತ್ತಿರ ಇರೋ ಥರದ, ನಾವೇ ಕಟ್ಟಿಕೊಳ್ಳೋ ರೀಬಿಲ್ಡಬಲ್‌ನಲ್ಲಿ ಆ ಕೊಳವೆನೇ ಇರಲ್ಲ. ಡೆಕ್ ಅನ್ನೋ ಒಂದು ಪುಟ್ಟ ಪೀಠ, ಅದರ ಮೇಲೆ ತಂತಿಯ ಎರಡು ಕಾಲು ಹಿಡ್ಕೊಳ್ಳೋಕೆ ಎರಡು ಪೋಸ್ಟು, ಎರಡು ಸ್ಕ್ರೂ, ಅಷ್ಟೇ. ತಂತಿ, ಹತ್ತಿ ಎರಡೂ ನೀವೇ ಹಾಕ್ಕೋಬೇಕು. ಟ್ಯಾಂಕ್ ಇಲ್ಲದೆ ಮೇಲಿಂದ ಜ್ಯೂಸ್ ಹನಿ ಹಾಕಿ ಹಾಕಿ ಎಳೆಯೋದು ಆರ್‌ಡಿಎ, ಅಂದ್ರೆ ಡ್ರಿಪ್ಪರ್. ಡೆಕ್ ಸುತ್ತ ಗಾಜಿನ ಟ್ಯಾಂಕ್ ಇದ್ರೆ ಆರ್‌ಟಿಎ.

ಹೊಸಬರಿಗೆ ಡ್ರಿಪ್ಪರೇ ಸುಲಭ, ಅದರಿಂದಲೇ ಶುರು ಮಾಡು ಅಂತ ಎಲ್ಲ ಹೇಳ್ತಾರೆ. ಕಲಿಯೋಕೆ ಸುಲಭ ಅನ್ನೋದು ನಿಜ. ಆದ್ರೆ ದಿನಾ ಇಟ್ಕೊಂಡು ಬಾಳೋಕೆ ಅದು ದುಬಾರಿ ಗಿರಾಕಿ. ಅರವತ್ತು ಎಪ್ಪತ್ತು ವ್ಯಾಟ್‌ನಲ್ಲಿ ಎರಡು ಕಾಯಿಲ್ ಉರಿಸ್ತಾ ಹೋದ್ರೆ ಜ್ಯೂಸ್ ಬಾಟಲಿ ಖಾಲಿಯಾಗೋದು ಕಣ್ಣಿಗೇ ಕಾಣುತ್ತೆ. ಜೊತೆಗೆ 2026ರ ಅಕ್ಟೋಬರ್ 1ರಿಂದ ಇಲ್ಲಿ ವೇಪ್ ಜ್ಯೂಸಿನ ಮೇಲೆ 10 ಮಿಲಿಗೆ 2.20 ಪೌಂಡ್ ಸುಂಕ ಘೋಷಣೆ ಆಗಿದೆ, ನಿಕೋಟಿನ್ ಇರಲಿ ಇಲ್ಲದಿರಲಿ. 50 ಮಿಲಿ ಶಾರ್ಟ್‌ಫಿಲ್ (ನಿಕೋಟಿನ್ ಇಲ್ಲದ ದೊಡ್ಡ ಬಾಟಲಿ) ಜೊತೆಗೆ ಅದಕ್ಕೆ ಬೆರೆಸೋ 10 ಮಿಲಿಯ ಒಂದು ನಿಕ್ ಶಾಟ್ (ನಿಕೋಟಿನ್ ಬಾಟಲಿ) ಅಂದ್ರೆ ಬರೀ ಸುಂಕವೇ 13.20 ಪೌಂಡ್, ಅದರ ಮೇಲೆ ವ್ಯಾಟ್ ತೆರಿಗೆ ಬೇರೆ. ಹೊಗೆಯ ಮೋಡ ಬಿಡೋ ಷೋಕಿಗೆ ಇಷ್ಟು ದುಡ್ಡು ಸುರೀಬೇಕಾ? ಸಿಗರೇಟಿನ ಹಾಗೆ ಮೊದಲು ಬಾಯಿಗೆ ಎಳ್ಕೊಂಡು ಆಮೇಲೆ ಒಳಗೆ ತಗೊಳ್ಳೋ, ಎಂಟಿಎಲ್ ಅಂತಾರಲ್ಲ, ಆ ಥರದ ಒಂದೇ ಕಾಯಿಲ್‌ನ ಆರ್‌ಟಿಎ ತಗೊಳ್ಳಿ. ಹನ್ನೆರಡು ಹದಿನಾಲ್ಕು ವ್ಯಾಟ್ ಸಾಕು. ಜ್ಯೂಸ್ ಸ್ವಲ್ಪ, ನಿಕೋಟಿನ್ ಹೆಚ್ಚು, ಗಂಟಲಿಗೆ ಸಿಗರೇಟಿನ ಹತ್ತಿರದ ತೃಪ್ತಿ. ಸಿಗರೇಟು ಬಿಡೋಕೆ ಬಂದವನಿಗೆ ಬೇಕಾಗಿರೋದು ಇದೇ ತಾನೇ.

ಕಾಯಿಲ್ ಬಗ್ಗೆ ಬೇಗ ಮುಗಿಸ್ತೀನಿ, ಯಾಕಂದ್ರೆ ಅದಕ್ಕೆ ಸಿಕ್ಕಿರೋ ಪ್ರಚಾರ ಅದರ ಯೋಗ್ಯತೆಗಿಂತ ಜಾಸ್ತಿ. ಯೂಟ್ಯೂಬ್ ತೆಗೆದ್ರೆ ಕ್ಲ್ಯಾಪ್ಟನ್, ಫ್ಯೂಸ್ಡ್ ಕ್ಲ್ಯಾಪ್ಟನ್, ಏಲಿಯನ್ ಅಂತ ಡ್ರಿಲ್ ಮೆಷಿನ್‌ಗೆ ತಂತಿ ಸಿಕ್ಕಿಸಿ ಜಡೆ ಹೆಣೀತಾ ಕೂತಿರ್ತಾರೆ. ನೋಡೋಕೆ ಚೆಂದ, ನಿಮಗೆ ಬೇಡ. 28 ಗೇಜಿನ (ಅದು ತಂತಿಯ ದಪ್ಪದ ಅಳತೆ) ಸಾದಾ ಕಾಂತಲ್ ಅನ್ನೋ ಮಿಶ್ರಲೋಹದ ತಂತಿಯ ಒಂದು ರೀಲ್ ತಗೊಳ್ಳಿ. 2.5 ಮಿಲಿಮೀಟರ್ ಕಡ್ಡಿಗೆ ಆರು ಸುತ್ತು ಸುತ್ತಿದ್ರೆ ಹೆಚ್ಚುಕಮ್ಮಿ 1.1 ಓಮ್ ರೆಸಿಸ್ಟೆನ್ಸ್ ಬರುತ್ತೆ. ಕಾಲು ಸೇರಿ ಒಂದು ಕಾಯಿಲ್‌ಗೆ ಆರೇಳು ಸೆಂಟಿಮೀಟರ್ ತಂತಿ. ಹತ್ತು ಮೀಟರಿನ ರೀಲ್‌ನಲ್ಲಿ ನೂರಕ್ಕೂ ಹೆಚ್ಚು ಕಾಯಿಲ್ ಆಗುತ್ತೆ, ರೀಲ್‌ನ ಬೆಲೆ ಕೆಲವೇ ಪೌಂಡು. ಸುತ್ತೋಕೂ ಬೇಜಾರು ಅಂದ್ರೆ ಸುತ್ತಿದ್ದೇ ಡಬ್ಬಿಯಲ್ಲಿ ಸಿಗುತ್ತೆ, ಯಾರೂ ನಿಮ್ಮನ್ನ ಜಾತಿಯಿಂದ ಹೊರಗೆ ಹಾಕಲ್ಲ. ನಿಕ್ಕಲ್ ಮತ್ತು ಟೈಟಾನಿಯಂ ತಂತಿ ಮಾತ್ರ ಮುಟ್ಟಬೇಡಿ. ಅವು ಟೆಂಪರೇಚರ್ ಕಂಟ್ರೋಲ್‌ಗೆ ಇರೋವು, ಬರೀ ವ್ಯಾಟ್ ಮೋಡ್‌ನಲ್ಲಿ ಉರಿಸೋ ತಂತಿ ಅಲ್ಲ.

ಕಾಲುಗಳನ್ನ ಪೋಸ್ಟಿಗೆ ಸಿಕ್ಕಿಸಿ ಸ್ಕ್ರೂ ಬಿಗಿ ಮಾಡಿ. ತಂತಿ ತುಂಡಾಗೋ ಅಷ್ಟಲ್ಲ, ಎಳೆದ್ರೆ ಜಾರಬಾರದು, ಅಷ್ಟು. ಮಿಕ್ಕ ತುದಿಯನ್ನ ಸ್ಕ್ರೂ ಪಕ್ಕಕ್ಕೇ ಕತ್ತರಿಸಿ, ನೇಲ್ ಕಟ್ಟರ್ ಆದ್ರೂ ನಡೆಯುತ್ತೆ. ತುದಿ ಉಳಿದು ಮೇಲಿನ ಮುಚ್ಚಳಕ್ಕೆ ತಗುಲಿದ್ರೆ ಶಾರ್ಟ್. ಕಾಯಿಲ್ ಕೆಳಗೆ ಡೆಕ್‌ಗೆ ತಗುಲಿದ್ರೂ ಶಾರ್ಟ್. ಮಾಡ್‌ಗೆ, ಅಂದ್ರೆ ಬ್ಯಾಟರಿ ಇರೋ ಪೆಟ್ಟಿಗೆಗೆ, ಸಿಕ್ಕಿಸಿ ಓಮ್ ನೋಡಿ. ಅಂಕಿ ಒಂದು ಕಡೆ ನಿಲ್ಲದೆ ಕುಣೀತಿದ್ರೆ ಸ್ಕ್ರೂ ಸಡಿಲ ಇದೆ ಅಂತ ಲೆಕ್ಕ. ಕಮ್ಮಿ ವ್ಯಾಟ್‌ನಲ್ಲಿ ಬಟನ್ ಒತ್ತಿ ಬಿಡಿ, ಒತ್ತಿ ಬಿಡಿ. ನಡುವಿನ ಸುತ್ತು ಮೊದಲು ಕೆಂಪಾಗಿ, ಆ ಕೆಂಪು ಎರಡೂ ಕಡೆಗೆ ಸಮನಾಗಿ ಹರೀಬೇಕು. ಒಂದೇ ತುದಿ ಮಾತ್ರ ಝಗ್ ಅಂತ ಉರಿದ್ರೆ ಬಟನ್ ಬಿಟ್ಟು, ಸೆರಾಮಿಕ್ ಚಿಮಟದಲ್ಲಿ ಸುತ್ತುಗಳನ್ನ ಮೆಲ್ಲಗೆ ಒತ್ತಿ ಜೋಡಿಸಿ. ಇಷ್ಟೇ ಕಾಯಿಲ್. ಅರ್ಧ ಗಂಟೆಯಲ್ಲಿ ಯಾರಿಗಾದ್ರೂ ಬರುತ್ತೆ.

ಇನ್ನು ಹತ್ತಿ. ಜನ ಸೋಲೋದು ಇಲ್ಲಿ. "ಟ್ಯಾಂಕೇ ಸರಿ ಇಲ್ಲ, ಲೀಕ್ ಆಗುತ್ತೆ", "ಎಳೆದ್ರೆ ಗಂಟಲು ಸುಟ್ಟು ಹೋಗುತ್ತೆ" ಅಂತ ಬರೋ ಹತ್ತು ದೂರಿನಲ್ಲಿ ಒಂಬತ್ತು ಹತ್ತಿಯದ್ದೇ ಇರುತ್ತೆ. ಟ್ಯಾಂಕ್ ಬದಲಾಯಿಸ್ತಾರೆ, ಜ್ಯೂಸ್ ಬದಲಾಯಿಸ್ತಾರೆ, ಮಾಡ್ ಬದಲಾಯಿಸ್ತಾರೆ, ಹತ್ತಿ ಹಾಕೋ ಕೈ ಮಾತ್ರ ಹಾಗೇ ಇರುತ್ತೆ.

ಕೆಲಸ ನಡೆಯೋದು ದೇವರ ಮುಂದಿನ ದೀಪದ ಬತ್ತಿ ಎಣ್ಣೆ ಏರಿಸೋ ಹಾಗೇ. ಎಳೆಎಳೆ ನಡುವಿನ ಸಂದಿಯಲ್ಲಿ ಜ್ಯೂಸ್ ತಾನೇ ಏರಿ ಕಾಯಿಲ್ ಹತ್ತಿರ ಬರುತ್ತೆ. ಬತ್ತಿಯನ್ನ ಗಟ್ಟಿಯಾಗಿ ಹೊಸೆದುಬಿಟ್ರೆ ಏರೋಕೆ ಜಾಗ ಇಲ್ಲ, ಕಾಯಿಲ್ ಒಣಗುತ್ತೆ, ಹತ್ತಿ ಸುಡುತ್ತೆ. ಅದನ್ನೇ ಡ್ರೈ ಹಿಟ್ ಅನ್ನೋದು. ಒಂದು ಸಲ ಎಳೆದವರು ಮರೆಯಲ್ಲ, ಕೆಮ್ಮಿ ಕಣ್ಣಲ್ಲಿ ನೀರು ಬಂದುಬಿಡುತ್ತೆ. ರುಚಿ ಕೆಡೋದು ಮಾತ್ರ ಅಲ್ಲ, ಜ್ಯೂಸ್ ಒಣಗಿ ವಿಪರೀತ ಕಾದಾಗ ಫಾರ್ಮಾಲ್ಡಿಹೈಡ್‌ನಂಥ ಬೇಡದ ವಸ್ತುಗಳು ಹುಟ್ಟೋದೂ ಆಗಲೇ. ಸುಟ್ಟ ವಾಸನೆ ಬಂದ ಮೇಲೆ "ಇನ್ನೊಂದು ಎಳೆದು ನೋಡೋಣ" ಅನ್ನೋ ಧೈರ್ಯ ಬೇಡ. ಬಿಚ್ಚಿ, ಹತ್ತಿ ಬದಲಾಯಿಸಿ.

ಆರ್‌ಟಿಎನಲ್ಲಿ ಹತ್ತಿಗೆ ಇನ್ನೊಂದು ಕೆಲಸ ಇದೆ, ಅದನ್ನ ಯಾರೂ ಸರಿಯಾಗಿ ಹೇಳಿಕೊಡಲ್ಲ. ಡೆಕ್ಕಿನ ಪಕ್ಕದಲ್ಲಿ ಟ್ಯಾಂಕಿನಿಂದ ಜ್ಯೂಸ್ ಬರೋ ಕಿಂಡಿಗಳು ಇರ್ತವೆ. ಕಾಯಿಲ್‌ನಿಂದ ಹೊರಗೆ ಉಳಿಯೋ ಹತ್ತಿಯ ಬಾಲ ಆ ಕಿಂಡಿಗೆ ಬಾಗಿಲಿನ ಕೆಲಸವನ್ನೂ ಮಾಡಬೇಕು. ಬಾಲ ತೆಳುವಾಗಿ ಸಂದಿ ಉಳಿದ್ರೆ ಜ್ಯೂಸ್ ನುಗ್ಗಿ ಬಂದು ಗಾಳಿ ತೂತಿನಿಂದ ಪ್ಯಾಂಟ್ ಜೇಬಿಗೆ ಇಳಿಯುತ್ತೆ. ಹೆಚ್ಚು ತುರುಕಿದ್ರೆ ಜ್ಯೂಸೇ ಬರಲ್ಲ. ಒಂದೇ ಹತ್ತಿ ಕಾಯಿಲ್ ಒಳಗೆ ತುಂಬಿಕೊಂಡಿರಬೇಕು, ಬಾಲದಲ್ಲಿ ಹಗುರ ಇರಬೇಕು. ಇದೊಂದು ಅರ್ಥ ಆದ್ರೆ ಮುಕ್ಕಾಲು ವಿದ್ಯೆ ಬಂದ ಹಾಗೆ.

ನಾನು ಮಾಡೋ ರೀತಿ ಇದು. ಹಾಳೆಯ ಹಾಗಿರೋ ಜಪಾನಿ ಹತ್ತಿಯಿಂದ ಒಂದು ಪಟ್ಟಿ ಹರಿದು, ಮೇಲಿನ ಗಟ್ಟಿ ಪದರ ಸುಲಿದು ಹಾಕ್ತೀನಿ. ಒಂದು ತುದಿಯನ್ನ ಮಾತ್ರ ಬೆರಳಲ್ಲಿ ಹೊಸೆದು ಸೂಜಿ ಮಾಡ್ಕೊಂಡು ಕಾಯಿಲ್ ಒಳಗೆ ತೂರಿಸಿ ಎಳೀತೀನಿ. ಆ ಕಡೆ ಈ ಕಡೆ ಎಳೆದಾಗ ಕಾಯಿಲ್ ಜೊತೆಗೇ ಅಲುಗಾಡಬೇಕು, ಆದ್ರೆ ಬಗ್ಗಬಾರದು. ಸಲೀಸಾಗಿ ಜಾರಿದ್ರೆ ಹತ್ತಿ ಸಾಲದು, ತಂತಿ ಸೊಟ್ಟಗಾದ್ರೆ ಜಾಸ್ತಿ ಆಯ್ತು. ಹೊಸೆದ ತುದಿ ಕತ್ತರಿಸಿ ಎಸೆದು, ಎರಡೂ ಬಾಲವನ್ನ ಡೆಕ್ಕಿನ ಅಂಚಿನ ಅಳತೆಗೆ ಓರೆಯಾಗಿ ಕತ್ತರಿಸ್ತೀನಿ. ಆಮೇಲೆ ಚಿಮಟದ ತುದಿಯಲ್ಲಿ ಬಾಲವನ್ನ ಬಾಚೋದು. ಬಾಚಿದಷ್ಟೂ ಸಿಕ್ಕಿದ್ದ ನಾರು ಉದುರಿ ಬಾಲ ಹೂವಿನ ಹಾಗೆ ಬಿಚ್ಚಿಕೊಳ್ಳುತ್ತೆ. ಈ ಬಾಚೋದನ್ನ ಮಾತ್ರ ಯಾವತ್ತೂ ಬಿಡಬೇಡಿ. ಕಿಂಡಿ ಮೇಲೆ ಬಾಲ ಕೂರಿಸಿ, ಜ್ಯೂಸ್ ಹನಿ ಹಾಕಿ ಪೂರ್ತಿ ನೆನೆಸಿ. ಒಣ ಹತ್ತಿ ಬಿಳಿ, ನೆನೆದದ್ದು ಮಂಜು ಹಿಡಿದ ಗಾಜಿನ ಹಾಗೆ ಮಬ್ಬು, ಕಣ್ಣಿಗೇ ಗೊತ್ತಾಗುತ್ತೆ. ಚಿಮಟದಲ್ಲಿ ಒತ್ತಿದ್ರೆ ಬಿಳಿ ಉಳಿದ ಜಾಗ ಸಿಕ್ಕಿಬೀಳುತ್ತೆ, ಅಲ್ಲಿಗೆ ಇನ್ನೊಂದು ಹನಿ. ಡೆಕ್ ಮೇಲೆ ಟ್ಯಾಂಕ್ ಕೂರಿಸಿ, ಗಾಳಿ ತೂತಿನ ರಿಂಗ್ ಮುಚ್ಚಿ, ಜ್ಯೂಸ್ ತುಂಬಿ, ಮೇಲಿನ ಕ್ಯಾಪ್ ತಿರುಗಿಸಿ ಮುಚ್ಚಿ, ಕೊನೆಗೆ ಗಾಳಿ ರಿಂಗ್ ತೆರೀರಿ. ಈ ಕ್ರಮ ತಪ್ಪಿದ್ರೂ ಲೀಕೇ.

ಸಿಹಿ ಜಾಸ್ತಿ ಇರೋ ಕಸ್ಟರ್ಡ್, ಡೋನಟ್ ಥರದ ಜ್ಯೂಸ್ ಹಾಕಿದ್ರೆ ಅದರಲ್ಲಿರೋ ಸುಕ್ರಲೋಸ್ ಅನ್ನೋ ಕೃತಕ ಸಿಹಿ ಕಾಯಿಲ್ ಮೇಲೆ ಕಪ್ಪಗೆ ಕಟ್ಟುತ್ತೆ. ರೆಡಿಮೇಡ್ ಕಾಯಿಲ್ ಆಗಿದ್ರೆ ಕಸದ ಬುಟ್ಟಿ. ಇಲ್ಲಿ ಹಳೇ ಹತ್ತಿ ಎಳೆದು ಹಾಕಿ, ಕಮ್ಮಿ ವ್ಯಾಟ್‌ನಲ್ಲಿ ಕಾಯಿಲ್ ಕಾಯಿಸಿ, ಆರಿದ ಮೇಲೆ ಡೆಕ್ ಬಿಚ್ಚಿ ನಲ್ಲಿ ಕೆಳಗೆ ಹಿಡಿದು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಒಣಗಿಸಿ, ಹೊಸ ಹತ್ತಿ. ತಂತಿ ಅದೇ.

ಬ್ಯಾಟರಿ ವಿಷಯದಲ್ಲಿ ತಮಾಷೆ ಇಲ್ಲ. ಮೆಕ್ ಮಾಡ್ ಅಂತ ಒಂದು ಬರುತ್ತೆ, ಒಳಗೆ ಚಿಪ್ಪೂ ಇಲ್ಲ ಏನೂ ಇಲ್ಲ, ಒಂದು ಲೋಹದ ಕೊಳವೆ, ಒಂದು ಬಟನ್. ನೋಡೋಕೆ ಗತ್ತು. ಶಾರ್ಟ್ ಆದ್ರೆ ತಡೆಯೋರು ಯಾರೂ ಇಲ್ಲ. ಲೆಕ್ಕ ನೋಡಿ: ಪೂರ್ತಿ ಚಾರ್ಜ್ ಆದ 18650 ಸೆಲ್ (ಮಾಡ್‌ಗೆ ಹಾಕೋ ಲಿಥಿಯಂ ಬ್ಯಾಟರಿಯ ಒಂದು ಅಳತೆ) 4.2 ವೋಲ್ಟ್. 0.15 ಓಮ್ ಕಾಯಿಲ್ ಹಾಕಿದ್ರೆ 28 ಆಂಪಿಯರ್ ಎಳೆಯುತ್ತೆ. ಸ್ಯಾಮ್‌ಸಂಗ್ 25ಆರ್‌ನಂಥ ಒಳ್ಳೇ ಸೆಲ್ ತಾಳೋದೇ 20. ಅಮೆರಿಕದಲ್ಲಿ 2018ರಲ್ಲಿ ಫ್ಲೋರಿಡಾದಲ್ಲಿ, 2019ರಲ್ಲಿ ಟೆಕ್ಸಾಸ್‌ನಲ್ಲಿ ಒಬ್ಬೊಬ್ಬರು ಸತ್ತದ್ದು ಇಂಥ ಮೆಕ್ ಮಾಡ್ ಸಿಡಿದೇ. ಹೊಸಬರು ಯಾರಾದ್ರೂ ಮೆಕ್ ತಗೊಳ್ತೀನಿ ಅಂದ್ರೆ ನಾನು ಸಹಾಯ ಮಾಡಲ್ಲ, ಬೈಕೊಳ್ಳಿ ಪರವಾಗಿಲ್ಲ. ಚಿಪ್ ಇರೋ ರೆಗ್ಯುಲೇಟೆಡ್ ಮಾಡ್ ತಗೊಳ್ಳಿ. ಶಾರ್ಟ್ ಇದ್ರೆ ಅದು ಉರಿಯೋದೇ ಇಲ್ಲ, ಸ್ಕ್ರೀನ್ ಮೇಲೆ ಎಚ್ಚರಿಕೆ ಬರುತ್ತೆ. ನಾನು ಮೇಲೆ ಹೇಳಿದ 1.1 ಓಮ್ ಕಾಯಿಲ್‌ಗೆ 13 ವ್ಯಾಟ್ ಕೊಟ್ರೆ ಅದರ ಮೂಲಕ ಮೂರೂವರೆ ಆಂಪಿಯರ್ ಹತ್ತಿರ ಹೋಗುತ್ತೆ. ಸೆಲ್‌ಗೆ ಗೊತ್ತೂ ಆಗಲ್ಲ.

ಸೆಲ್ ತಗೊಳ್ಳೋದು ಬ್ಯಾಟರಿಯದ್ದೇ ವ್ಯಾಪಾರ ಮಾಡೋ ನಂಬಿಕಸ್ತ ಅಂಗಡಿಯಲ್ಲಿ. 18650 ಮೇಲೆ 9900 ಎಂಎಎಚ್ ಅಂತ ಬರೆದಿದ್ರೆ ನಕ್ಕು ಕೆಳಗಿಡಿ. ಆ ಅಳತೆಯ ಒಳ್ಳೇ ಸೆಲ್ 3500ರ ಆಸುಪಾಸಿಗೇ ನಿಲ್ಲುತ್ತೆ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಸ್ವಲ್ಪ ಹರಿದ್ರೂ ಬಳಸಬೇಡಿ, ಯಾಕಂದ್ರೆ ಸೆಲ್‌ನ ಮೈಯೆಲ್ಲ ನೆಗೆಟಿವ್, ಪಾಸಿಟಿವ್‌ಗೂ ಅದಕ್ಕೂ ನಡುವೆ ಇರೋದು ಒಂದು ಸಣ್ಣ ರಿಂಗ್. ಬಿಡಿ ಸೆಲ್ ಯಾವಾಗಲೂ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಬೀಗದ ಕೈ ಇರೋ ಜೇಬಿಗೆ ಸೆಲ್ ಹಾಕ್ಕೊಂಡು ಓಡಾಡೋರನ್ನ ನೋಡಿದ್ರೆ ನನಗೆ ಪಕ್ಕದಲ್ಲಿ ನಿಲ್ಲೋಕೂ ಭಯ.

ಯಾವ ಟ್ಯಾಂಕ್ ಅಂತ ಹೆಸರು ಹೇಳಿ ಅಂತೀರಿ. ವ್ಯಾಂಡಿ ವೇಪ್‌ನ ಬರ್ಸರ್ಕರ್ ಥರದ್ದು ಯಾವುದಾದ್ರೂ ನಡೆಯುತ್ತೆ, ಕೇಫನ್ ದುಬಾರಿ. ಇಲ್ಲಿ ಗಾಜು 2 ಮಿಲಿಯದ್ದೇ ಬರೋದು, ಅದು ಕಾನೂನು. ಹಾಗೇ ನಿಕೋಟಿನ್ ಜ್ಯೂಸ್ 10 ಮಿಲಿ ಬಾಟಲಿ, ಮಿಲಿಗೆ 20 ಮಿಲಿಗ್ರಾಂ ಮಿತಿ. ಪ್ಯಾಕೆಟ್ ಸೇದ್ತಿದ್ದವರು ಫಿಫ್ಟಿ ಫಿಫ್ಟಿ ಜ್ಯೂಸ್‌ನಲ್ಲಿ (ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್ ಅರ್ಧರ್ಧ) 12 ಮಿಲಿಗ್ರಾಂನಿಂದ ಶುರು ಮಾಡಿ ಮೆಲ್ಲಗೆ ಇಳಿಸಿ. ಕಮ್ಮಿ ಹಾಕ್ಕೊಂಡು ದಿನವಿಡೀ ಎಳೀತಾ ಕೂರೋದಕ್ಕಿಂತ ಇದು ವಾಸಿ. ಜ್ಯೂಸ್ ಬಾಟಲಿ ಮಕ್ಕಳ ಕೈಗೆ ಎಟುಕದ ಕಡೆ ಇಡಿ. ವಾಸನೆ ಹಣ್ಣಿನ ರಸದ್ದು, ಒಳಗಿರೋದು ವಿಷ.

ಕೊನೆಗೆ, ಬೆಂಗಳೂರಿಂದ ಕೇಳೋ ತಮ್ಮಂದಿರಿಗೆ. "ಬರ್ತಾ ನನಗೊಂದು ಸೆಟ್ ತಂದುಬಿಡಿ" ಅಂತ ದಯವಿಟ್ಟು ಕೇಳಬೇಡಿ. ಕರ್ನಾಟಕ 2016ರಲ್ಲೇ ನಿಷೇಧ ಹಾಕಿತ್ತು, 2019ರಲ್ಲಿ ಇಡೀ ದೇಶಕ್ಕೆ ಕಾಯ್ದೆ ಬಂತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲಕ್ಕೂ ಮೊದಲ ಸಲ ಸಿಕ್ಕರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮೂಲೆ ಅಂಗಡಿಯಲ್ಲಿ ಸಿಗರೇಟು, ಬೀಡಿ ಬಿಡಿಯಾಗಿ ಸಿಗೋ ಊರಿನಲ್ಲಿ ಇದು ಮಾತ್ರ ನಿಷಿದ್ಧ ಅನ್ನೋದು ನನಗೆ ಸರಿ ಕಾಣಲ್ಲ. ಕಾಲೇಜು ಹುಡುಗರ ಕೈಗೆ ಹೋಗುತ್ತೆ ಅನ್ನೋ ಭಯವೂ ಸುಳ್ಳಲ್ಲ, ಇಲ್ಲಿ ಡಿಸ್ಪೋಸಬಲ್‌ಗಳು ಏನು ಮಾಡಿದ್ವು ಅಂತ ಶಾಲೆ ಮೇಷ್ಟ್ರುಗಳನ್ನ ಕೇಳಿ. ಜಗಳ ಏನೇ ಇರಲಿ, ಕಾನೂನು ಹೀಗಿದೆ. ಊರಿಗೆ ಹೊರಡುವಾಗ ನನ್ನ ಟ್ಯಾಂಕು, ಮಾಡು, ತಂತಿ, ಹತ್ತಿ ಎಲ್ಲ ಇಲ್ಲೇ ಡ್ರಾಯರ್‌ನಲ್ಲಿ ಉಳೀತವೆ. ಮೆಡಿಕಲ್ ಶಾಪಿನಲ್ಲಿ 2 ಮಿಲಿಗ್ರಾಂ ನಿಕೋಟಿನ್ ಗಮ್ ಸಿಗುತ್ತೆ. ರಜೆ ಮುಗಿಯೋವರೆಗೆ ಅದರಲ್ಲೇ ಕಾಲ ಹಾಕ್ತೀನಿ. ಅಮ್ಮ ಬಬಲ್‌ಗಮ್ ಅಂದ್ಕೊಂಡಿದ್ದಾರೆ, ಈ ಪೋಸ್ಟು ಅವರಿಗೆ ಯಾರೂ ತೋರಿಸಬೇಡಿ.